ಕೇಳಿಸಲಿಲ್ಲ ಅಂತ ಹೇಳಲು ಕಲಿತ ವರ್ಷ

ನಾನು ವಾರ್ಡಿನಲ್ಲಿ ಬರೆದ ಮೊದಲ ಬಿಪಿ 120/80. ಅದು ಶುದ್ಧ ಸುಳ್ಳು. ಸ್ಟೆತಸ್ಕೋಪಿನಲ್ಲಿ ನನಗೆ ಏನೂ ಕೇಳಿಸಿರಲಿಲ್ಲ.

ಆಗ ನನಗೆ 37 ವರ್ಷ. ಹನ್ನೊಂದು ವರ್ಷ ಲೆಕ್ಕ ಬರೆಯುವ ಕೆಲಸ ಮಾಡಿ, ಅದನ್ನು ಬಿಟ್ಟು ನರ್ಸಿಂಗ್ ಓದಲು ಸೇರಿದ್ದೆ. ಸೇರುವಾಗ ಹುರುಪು ಎಷ್ಟಿತ್ತೆಂದರೆ, ಪುಸ್ತಕಗಳಿಗೆಲ್ಲ ಒಂದೇ ದಿನ ಹೊದಿಕೆ ಹಾಕಿ, ಹೆಸರು ಬರೆದು, ಬಣ್ಣದ ಪೆನ್ನುಗಳನ್ನು ಜೋಡಿಸಿಟ್ಟಿದ್ದೆ. ಆರು ವಾರಕ್ಕೆ ಅದೆಲ್ಲ ಇಳಿದುಹೋಯಿತು. ಈಗ ಕೆಲವರು ನನ್ನನ್ನು ಕೇಳುತ್ತಾರೆ, ಈ ವಯಸ್ಸಿನಲ್ಲಿ ಹುರುಪು ಹೇಗೆ ಉಳಿಸಿಕೊಂಡಿರಿ ಅಂತ. ನಾನು ಉಳಿಸಿಕೊಳ್ಳಲಿಲ್ಲ. ಕಳೆದುಕೊಂಡೆ. ಆಮೇಲೆ ಅದು ನಾನು ಹುಡುಕದ ಕಡೆಯಿಂದ ವಾಪಸ್ ಬಂತು.

ದಣಿವಿತ್ತು, ನಿಜ. ಮನೆ, ಇಬ್ಬರು ಮಕ್ಕಳು, ಅತ್ತೆಯವರ ಮಾತ್ರೆ, ಇವುಗಳ ನಡುವೆ ತರಗತಿ. ಆದರೆ ದಣಿವು ನಿದ್ದೆ ಮಾಡಿದರೆ ಹೋಗುತ್ತದೆ. ನನ್ನನ್ನು ಒಳಗೊಳಗೇ ತಿಂದದ್ದು ನಾಚಿಕೆ. ತರಗತಿಯಲ್ಲಿ ಉಳಿದವರಿಗೆಲ್ಲ 18, 19. ಅವರು ಮೊನ್ನೆ ಮೊನ್ನೆವರೆಗೆ ಜೀವಶಾಸ್ತ್ರ ಓದಿದವರು. ನಾನು ಕೊನೆಯ ಪರೀಕ್ಷೆ ಬರೆದು ಹದಿನೈದು ವರ್ಷವಾಗಿತ್ತು. ಅನಾಟಮಿ ಶುರುವಾದದ್ದೇ 206 ಮೂಳೆಗಳಿಂದ. ಬರೀ ಮೂಳೆಯಲ್ಲ, ಅದರ ತಗ್ಗಿಗೊಂದು ಹೆಸರು, ಉಬ್ಬಿಗೊಂದು ಹೆಸರು, ತೂತಿಗೊಂದು ಹೆಸರು. ಕೈ ಎತ್ತಿ ಕೇಳೋಣ ಅಂದರೆ, "ಇಷ್ಟು ವಯಸ್ಸಾದರೂ ಇದು ಗೊತ್ತಿಲ್ವಾ" ಅಂತ ಯಾರಾದರೂ ಅಂದರೆ? ಯಾರೂ ಅಂದಿರಲಿಲ್ಲ. ಆದರೂ ಕೈ ಮೇಲೇಳಲಿಲ್ಲ. ಇವತ್ತು ಅರ್ಥವಾಗದ ಪಾಠದ ಮೇಲೆ ನಾಳೆಯ ಪಾಠ ಬಂದು ಕೂತಿತು. ಫಿಸಿಯಾಲಜಿಯ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿಷಯದ, ಮೊದಲ ಇಂಟರ್ನಲ್ಸ್‌ನಲ್ಲಿ (ಕಾಲೇಜಿನವರೇ ನಡೆಸುವ ಪರೀಕ್ಷೆ) ಫೇಲಾದೆ. ಪುಸ್ತಕ ತೆರೆದರೆ ನಿದ್ದೆ, ಮುಚ್ಚಿದರೆ ಎಚ್ಚರ.

ಒಬ್ಬ ಮೇಡಂ ಸಮಾಧಾನಕ್ಕೆ ಒಂದು ಮಾತು ಹೇಳಿದರು. ಆಧುನಿಕ ನರ್ಸಿಂಗಿಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ. ಜರ್ಮನಿಯ ಕೈಸರ್ಸ್‌ವರ್ತ್‌ಗೆ ತರಬೇತಿಗೆ ಹೋಗಿದ್ದು 1851ರಲ್ಲಿ, ಅಂದರೆ 31ನೇ ವಯಸ್ಸಿನಲ್ಲಿ. ಒಳ್ಳೆಯ ಮಾತೇ. ಆದರೆ ಆಕೆಯದು ಸಿರಿವಂತರ ಮನೆ, ಮಕ್ಕಳಿಲ್ಲ, ಇಂಟರ್ನಲ್ಸೂ ಇಲ್ಲ ಅಂತ ಮನಸ್ಸಿನಲ್ಲೇ ಗೊಣಗಿಕೊಂಡೆ. ದೊಡ್ಡವರ ಕಥೆ ಕೇಳಿ ಬರುವ ಹುರುಪು ನನ್ನ ಮಟ್ಟಿಗೆ ಮನೆ ಬಾಗಿಲಿನ ತನಕ ಇರುತ್ತಿತ್ತು, ಅಷ್ಟೇ.

ಇದೇ ಸ್ಥಿತಿಯಲ್ಲಿ ಮೊದಲ ಪೋಸ್ಟಿಂಗ್, ಅಂದರೆ ವಾರ್ಡಿನಲ್ಲಿ ಕೆಲಸ ಕಲಿಯುವ ಸರದಿ, ಬಂತು.

ಬಿಪಿ ನೋಡುವುದನ್ನು ಲ್ಯಾಬಿನಲ್ಲಿ ಕಲಿಸಿದ್ದರು. ತೋಳಿಗೆ ಕಫ್, ಅಂದರೆ ಗಾಳಿ ತುಂಬುವ ಪಟ್ಟಿ, ಕಟ್ಟಬೇಕು. ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಬೇಕು. ನಾಡಿ ಸಿಗದಂತಾದ ಮೇಲೆ ಇನ್ನೂ 30 ಏರಿಸಬೇಕು. ಆಮೇಲೆ ಸೆಕೆಂಡಿಗೆ 2ರಿಂದ 3ರಂತೆ ಇಳಿಸುತ್ತಾ ಕಿವಿಗೊಡಬೇಕು. ಸದ್ದು ಶುರುವಾದದ್ದು ಮೇಲಿನ ಸಂಖ್ಯೆ, ನಿಂತದ್ದು ಕೆಳಗಿನದು. ಈ ಸದ್ದುಗಳ ಬಗ್ಗೆ 1905ರಲ್ಲಿ ಮೊದಲು ಹೇಳಿದವರು ರಷ್ಯಾದ ಡಾಕ್ಟರ್ ಕೊರೊಟ್ಕಾಫ್. ಇಷ್ಟೆಲ್ಲ ನನಗೆ ಬಾಯಿಪಾಠ. ಆದರೆ ಆ ಸದ್ದು ಮಾತ್ರ ಲ್ಯಾಬಿನಲ್ಲೂ ಸರಿಯಾಗಿ ಕೇಳಿಸಿರಲಿಲ್ಲ. ಪಕ್ಕದವಳು ಬರೆದ ಸಂಖ್ಯೆ ನೋಡಿ, ಎರಡು ಹೆಚ್ಚೋ ಕಡಿಮೆಯೋ ಮಾಡಿ ಬರೆದು ಬಚಾವಾಗಿದ್ದೆ.

ವಾರ್ಡಿನಲ್ಲಿ ನನಗೆ ಸಿಕ್ಕಿದ್ದು ಒಬ್ಬ ಅಜ್ಜ. ಎರಡು ಸಲ ಗಾಳಿ ತುಂಬಿ ಇಳಿಸಿದೆ. ಏನೂ ಇಲ್ಲ. ಮೂರನೇ ಸಲ ಅವರ ಕೈ ಹಿಂಡಲು ಮನಸ್ಸಾಗಲಿಲ್ಲ. "ಎಷ್ಟಿದೆಯಮ್ಮಾ?" ಅಂದರು. "ನಾರ್ಮಲ್ ಇದೆ ಅಜ್ಜ" ಅಂದೆ. ಚಾರ್ಟಿನಲ್ಲಿ 120/80 ಬರೆದು ಮುಂದಿನ ಹಾಸಿಗೆಗೆ ಹೋದೆ.

ಹತ್ತು ನಿಮಿಷ ತಡೆದುಕೊಂಡೆ. ಹನ್ನೊಂದು ವರ್ಷ ಲೆಕ್ಕ ಬರೆದವಳು ನಾನು. ತಾಳೆಯಾಗದ ಲೆಕ್ಕಕ್ಕೆ ಯಾವುದೋ ಒಂದು ಅಂಕಿ ತುಂಬಿ ಪುಸ್ತಕ ಮುಚ್ಚುವವರನ್ನು ಕಂಡರೆ ನನಗಾಗುತ್ತಿರಲಿಲ್ಲ. ಈಗ ಅದನ್ನೇ ಮಾಡಿದ್ದೆ, ಅದೂ ಒಬ್ಬ ಮನುಷ್ಯನ ಹೆಸರಿನ ಕೆಳಗೆ. ವಾರ್ಡಿನ ಸಿಸ್ಟರ್ ಹತ್ತಿರ ಹೋಗಿ ಹೇಳಿಬಿಟ್ಟೆ. ಅವರು ನನಗಿಂತ ಹತ್ತು ವರ್ಷವಾದರೂ ಚಿಕ್ಕವರು. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ.

ಬೈಯಲಿಲ್ಲ. ಮೊದಲು ಅಜ್ಜನ ಹತ್ತಿರ ಹೋಗಿ ತಾವೇ ನೋಡಿದರು. 158/96. ಡಾಕ್ಟರಿಗೆ ತಿಳಿಸಿದರು. ನಾನು ಬರೆದದ್ದರ ಮೇಲೆ ಓದಲು ಬರುವ ಹಾಗೆ ಒಂದೇ ಗೆರೆ ಎಳೆಸಿ, ಪಕ್ಕದಲ್ಲಿ ಸರಿಯಾದದ್ದು ಬರೆಸಿ, ಸಹಿ ಹಾಕಿಸಿದರು. ಆಮೇಲೆ ಹೇಳಿದರು, "ಕೇಳಿಸಲಿಲ್ಲ ಅಂದ್ರೆ ನಾನು ಬಂದು ನೋಡ್ತೀನಿ. ಕೇಳಿಸ್ತು ಅಂತ ಬರೆದ್ರೆ ನಾನು ಯಾಕೆ ಬರ್ತೀನಿ ಹೇಳಿ?" ಉತ್ತರ ಇರಲಿಲ್ಲ. "ಎಲ್ಲಿ, ಕಿವಿಗೆ ಹಾಕ್ಕೊಳ್ಳಿ ನೋಡೋಣ" ಅಂದರು. ಹಾಕಿಕೊಂಡೆ. ಅವರಿಗೆ ನಗು ತಡೆಯಲಾಗಲಿಲ್ಲ.

ಸ್ಟೆತಸ್ಕೋಪನ್ನು ತಿರುಗಮುರುಗ ಹಾಕಿಕೊಂಡಿದ್ದೆ. ಕಿವಿಯೊಳಗೆ ಹೋಗುವ ತುದಿಗಳು ಮೂಗಿನ ಕಡೆಗೆ ಬಾಗಿರಬೇಕು, ಕಿವಿಯ ದಾರಿ ಇರುವುದು ಹಾಗೆ. ನನ್ನವು ತಲೆಯ ಹಿಂದಕ್ಕೆ ನೋಡುತ್ತಿದ್ದವು. ಇಷ್ಟು ದಿನ ಕಿವಿಯ ಗೋಡೆಗೆ ಒತ್ತಿಕೊಂಡು ಸದ್ದಿಗೆ ಕಾಯುತ್ತಿದ್ದೆ! ತಿರುಗಿಸಿ ಹಾಕಿಕೊಂಡು ಸಿಸ್ಟರ ಕೈಗೇ ಕಫ್ ಕಟ್ಟಿದೆ. ಟಕ್, ಟಕ್, ಟಕ್. ಯಾರೋ ಬಾಗಿಲು ಬಡಿದಷ್ಟು ಸ್ಪಷ್ಟ.

ಕಿವಿ ಕೆಟ್ಟಿದೆ, ವಯಸ್ಸಾಯಿತು, ಇದು ನನ್ನ ಕೈಯಲ್ಲಾಗುವ ಕೆಲಸವಲ್ಲ ಅಂತೆಲ್ಲ ವಾರಗಟ್ಟಲೆ ಕೊರಗಿದ್ದೆ. ಲ್ಯಾಬಿನ ಮೊದಲ ದಿನವೇ "ಕೇಳಿಸ್ತಿಲ್ಲ ಮೇಡಂ" ಅಂದಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಅವತ್ತು ಸಂಜೆ ಮನೆಯಲ್ಲಿ ಸಿಕ್ಕಿದವರ ಬಿಪಿಯನ್ನೆಲ್ಲ ನೋಡಿದೆ. ಮಕ್ಕಳ ಕೈಗೆ ಕಫ್ ದೊಡ್ಡದಾಯಿತು, ಅವರನ್ನು ಬಿಟ್ಟೆ. ಅತ್ತೆಯವರದ್ದನ್ನು ಮೂರು ಸಲ ನೋಡಿದೆ, ಪಾಪ.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ದಿನಕ್ಕೆ ಒಂದು ಸಲವಾದರೂ ಎಲ್ಲರಿಗೂ ಕೇಳುವ ಹಾಗೆ "ನನಗೆ ಗೊತ್ತಾಗಲಿಲ್ಲ" ಅನ್ನಬೇಕು. ಮೊದಲ ವಾರ ಕೈ ಬೆವರಿತು. ನಾನು ಕೇಳಿದಾಗ ಹಿಂದಿನ ಬೆಂಚಿನವರೂ ತಲೆಯಾಡಿಸುತ್ತಿದ್ದರು. ಅವರಿಗೂ ಗೊತ್ತಾಗಿರಲಿಲ್ಲ, ಅಲ್ವಾ! ಆಮೇಲೆ ಹುಡುಗಿಯರು "ಅಕ್ಕಾ, ಇದನ್ನೂ ಕೇಳಿ" ಅಂತ ಚೀಟಿ ದಾಟಿಸಲು ಶುರು ಮಾಡಿದರು.

ಇದರಿಂದ ಒಂದು ಕೊಡು-ಕೊಳ್ಳುವಿಕೆಯೂ ಕುದುರಿತು. ಡ್ರಿಪ್ ಲೆಕ್ಕ ಅಂದರೆ ಅವರಿಗೆ ನಡುಕ. 1000 ಮಿಲಿ ದ್ರವ 8 ಗಂಟೆಯಲ್ಲಿ ಹೋಗಬೇಕು, ಹನಿ ಬಿಡುವ ಕೊಳವೆಯ ಸೆಟ್ಟಿನಲ್ಲಿ ಮಿಲಿಗೆ 20 ಹನಿ, ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು? ನನಗಿದು ಹಳೆಯ ಕಸುಬು. 1000ವನ್ನು 20ರಿಂದ ಗುಣಿಸಿ, 480 ನಿಮಿಷದಿಂದ ಭಾಗಿಸಿದರೆ 41.67. ಅಂದರೆ 42 ಹನಿ. ಸೂತ್ರ ಮರೆತರೂ ಪರವಾಗಿಲ್ಲ, ಒಟ್ಟು ಹನಿ ಎಷ್ಟು, ಒಟ್ಟು ನಿಮಿಷ ಎಷ್ಟು ಅಂತ ಮಾತ್ರ ಯೋಚಿಸಿ ಅಂತ ಹೇಳಿಕೊಟ್ಟೆ. ಬದಲಿಗೆ ಅವರು ತಲೆಯ 12 ಜೊತೆ ನರಗಳನ್ನು ನನ್ನ ತಲೆಗೆ ಹತ್ತಿಸಿದರು. ಹಳೆಯ ಕೆಲಸ ಬಿಟ್ಟು ಬಂದು ಎಲ್ಲ ಸೊನ್ನೆಯಿಂದ ಶುರು ಅಂದುಕೊಂಡಿದ್ದೆ. ಪೂರ್ತಿ ಸೊನ್ನೆಯೇನೂ ಆಗಿರಲಿಲ್ಲ.

ಓದುವ ರೀತಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಣ್ಣದ ಪೆನ್ನುಗಳನ್ನು ಮಕ್ಕಳಿಗೆ ಕೊಟ್ಟೆ. ಮನೆಯವರು ಏಳುವ ಮುಂಚೆ 25 ನಿಮಿಷ, ಪುಸ್ತಕ ಮುಚ್ಚಿಟ್ಟು ನಿನ್ನೆಯ ಪಾಠ ನೆನಪಿನಿಂದ ಬರೆಯುತ್ತಿದ್ದೆ. ಬರೆಯಲು ಬಾರದ್ದನ್ನು ಮಾತ್ರ ತೆರೆದು ನೋಡುವುದು. ಮರೆವಿಗೆ ವಯಸ್ಸೇ ಕಾರಣ ಅಂತ ನಾನು ಸುಮ್ನೆ ದೂರುತ್ತಿದ್ದೆ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದು 1885ರಲ್ಲೇ ಪ್ರಕಟಿಸಿದ್ದರು. ಕಲಿತ ಮೊದಲ ದಿನವೇ ಬಹಳಷ್ಟು ಸೋರಿಹೋಗುತ್ತದೆ. ಎಲ್ಲರಿಗೂ ಸೋರುತ್ತದೆ. ಇದನ್ನು ತಿಳಿದ ಮೇಲೆ ನನ್ನ ತಲೆಯ ಮೇಲಿನ ಸಿಟ್ಟು ಕಡಿಮೆಯಾಯಿತು. ರಾತ್ರಿ ಮಗಳು ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಾಳೆ. ಹೆಸರುಗಳನ್ನು ತಪ್ಪುತಪ್ಪಾಗಿ ಓದುತ್ತಾಳೆ, ಅದನ್ನು ತಿದ್ದುವಾಗಲೇ ನನಗೆ ನೆನಪು ಉಳಿಯುತ್ತದೆ.

ಬಿಟ್ಟುಬಿಡೋಣ ಅನ್ನಿಸಿದ ದಿನಗಳು ಆಮೇಲೂ ಬಂದವು. ಇಲ್ಲ ಅಂದರೆ ಇನ್ನೊಂದು ಸುಳ್ಳಾದೀತು. ಮಗನಿಗೆ ಜ್ವರ ಇದ್ದ ವಾರ ಪರೀಕ್ಷೆ ಬಂತು. ಒಂದು ಬೆಳಗ್ಗೆ ನಾನು ಮೈ ಒರೆಸಿದ್ದ ವಾರ್ಡಿನ ಒಬ್ಬ ಅಮ್ಮ ಮರುದಿನ ಹಾಸಿಗೆಯಲ್ಲಿರಲಿಲ್ಲ. ಅಂಥ ದಿನಗಳಿಗೆ ನಾನು ಮಾಡಿಕೊಂಡದ್ದು ಇಷ್ಟೇ: ರಾತ್ರಿ ಡ್ಯೂಟಿ ಮುಗಿಸಿದ ಬೆಳಗ್ಗೆ ಮತ್ತು ಅಂಕ ಬಂದ ಸಂಜೆ ಯಾವ ತೀರ್ಮಾನವನ್ನೂ ಮಾಡುವಂತಿಲ್ಲ. ಬಿಡುವುದಾದರೆ ಚೆನ್ನಾಗಿ ನಿದ್ದೆ ಮಾಡಿ ಎದ್ದ ಭಾನುವಾರ ಮಧ್ಯಾಹ್ನ ಬಿಡಬೇಕು. ಇಲ್ಲಿಯ ತನಕ ಯಾವ ಭಾನುವಾರವೂ ಬಿಡಬೇಕು ಅನ್ನಿಸಿಲ್ಲ.

ಒಂದು ಚಿಕ್ಕ ನೋಟ್‌ಬುಕ್ ಇದೆ, ಏಪ್ರನ್ ಜೇಬಿನಲ್ಲಿ ಹಿಡಿಸುವಷ್ಟು. ದಿನಕ್ಕೆ ಒಂದೆರಡು ಸಾಲು ಬರೆಯುತ್ತೇನೆ. ಅವತ್ತು ನಿಜವಾಗಿ ಏನು ಮಾಡಿದೆ ಅನ್ನುವುದು ಮಾತ್ರ. ಹುರುಪು ಬಂತೋ ಇಲ್ಲವೋ ಅದರಲ್ಲಿ ಬರೆಯುವುದಿಲ್ಲ. ಮೊದಲ ಪುಟದಲ್ಲಿ "ಅಜ್ಜ, 158/96" ಅಂತಿದೆ. ಈಗ ಎರಡನೇ ವರ್ಷ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆಯ ಪಾಠ ಮುಗಿದಿದೆ. ಅದು ಬಡಿತವನ್ನು ನಿಧಾನ ಮಾಡುವ ಔಷಧಿ, ದೊಡ್ಡವರಲ್ಲಿ ಬಡಿತ 60ಕ್ಕಿಂತ ಕಡಿಮೆ ಇದ್ದರೆ ಕೊಡದೆ ತಡೆದು ತಿಳಿಸಬೇಕು ಅಂತ ಕಲಿಸಿದ್ದಾರೆ. ಮೊನ್ನೆಯ ಸಾಲು ಹೀಗಿದೆ:

"ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಎಣಿಸಿದೆ. 54. ನಂಬಿಕೆ ಬರಲಿಲ್ಲ. ಇನ್ನೊಮ್ಮೆ, ಪೂರ್ತಿ ಒಂದು ನಿಮಿಷ. 54. ಮಾತ್ರೆ ಕೊಡದೆ ಸಿಸ್ಟರನ್ನು ಕರೆದೆ."