ಪಿಎಚ್‌ಡಿ ಆಯ್ತು, ಇನ್ನು ಸ್ವಂತ ಲ್ಯಾಬ್ ಕಟ್ಟೋದು ಹೇಗೆ?

ಫ್ಯಾಕಲ್ಟಿ ಇಂಟರ್‌ವ್ಯೂಗಳಲ್ಲಿ ತಪ್ಪದೇ ಬರುವ ಪ್ರಶ್ನೆ ಒಂದಿದೆ. "ಇದೆಲ್ಲ ನಿಮ್ಮ ಪಿಐ ಕೆಲಸ ಅಲ್ವಾ, ಇದರಲ್ಲಿ ನಿಮ್ಮದೇನು?" ಪಿಐ ಅಂದರೆ ನೀವು ಕೆಲಸ ಮಾಡುವ ಲ್ಯಾಬಿನ ಮುಖ್ಯಸ್ಥರು. ಬಯೋಮೆಡಿಕಲ್ ಸಂಶೋಧನೆಯಲ್ಲಿ ಸ್ವಂತ ಲ್ಯಾಬ್ ಬೇಕು ಅನ್ನುವವರು ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರ ಬೇರೊಬ್ಬರ ಲ್ಯಾಬಿನಲ್ಲಿ ಮಾಡುವ ತಾತ್ಕಾಲಿಕ ಸಂಶೋಧನೆ) ವರ್ಷಗಳಲ್ಲಿ ಮುಖ್ಯವಾಗಿ ಇದಕ್ಕೆ ಉತ್ತರ ತಯಾರು ಮಾಡಿಕೊಳ್ಳಬೇಕು. ಪೇಪರ್ ಎಷ್ಟು, ಯಾವ ಜರ್ನಲ್ ಅನ್ನೋದು ಆಮೇಲಿನ ಮಾತು.

ಒಂದು ಉದಾಹರಣೆ ನೋಡಿ. ಟಿಬಿ ಬ್ಯಾಕ್ಟೀರಿಯಾ ರೋಗಾಣುಗಳನ್ನು ನುಂಗುವ ನಮ್ಮ ಮ್ಯಾಕ್ರೋಫೇಜ್ ಕೋಶದೊಳಗೆ ಹೊಕ್ಕು ಸಾಯದೆ ಹೇಗೆ ಉಳಿಯುತ್ತದೆ ಅನ್ನೋದು ನಿಮ್ಮ ಪಿಐ ಲ್ಯಾಬಿನ ವಿಷಯ ಅಂದುಕೊಳ್ಳಿ. ನೀವು ಅದನ್ನೇ ಇನ್ನಷ್ಟು ಆಳವಾಗಿ ನೋಡ್ತೀನಿ ಅಂತ ಪ್ರಪೋಸಲ್ ಬರೆದರೆ, ಕಮಿಟಿಯವರು ದುಡ್ಡನ್ನು ನೇರವಾಗಿ ಅವರಿಗೇ ಕೊಡಬಹುದಲ್ಲ? ಸಕ್ಕರೆ ಕಾಯಿಲೆ ಇದ್ದವರಿಗೆ ಟಿಬಿ ಬರುವ ಅಪಾಯ ಜಾಸ್ತಿ ಅಂತ ಗೊತ್ತಿದೆ. ಅಂಥವರ ಮ್ಯಾಕ್ರೋಫೇಜ್‌ನಲ್ಲಿ ಏನು ಕೆಟ್ಟಿದೆ ಅಂತ ನೀವು ಹುಡುಕಲು ಹೊರಟರೆ, ಕಲಿತ ಕೆಲಸ ಅದೇ ಆದರೂ ಪ್ರಶ್ನೆ ನಿಮ್ಮದು. ಆದರೆ ಜೀವಂತ ಟಿಬಿ ಬ್ಯಾಕ್ಟೀರಿಯಾ ಬೆಳೆಸಲು ಬಿಎಸ್‌ಎಲ್-3 ಲ್ಯಾಬ್ (ಅಪಾಯಕಾರಿ ರೋಗಾಣುಗಳಿಗೆಂದೇ ಇರುವ ಬಿಗಿ ಸುರಕ್ಷತೆಯ ಲ್ಯಾಬ್) ಬೇಕು. ಬೆಂಗಳೂರಿನ ಐಐಎಸ್‌ಸಿಯಲ್ಲಿದೆ, ಎಲ್ಲ ಕಡೆ ಇಲ್ಲ. ರೋಗಿಗಳ ರಕ್ತ ಬೇಕಂದರೆ ಆಸ್ಪತ್ರೆಯ ಡಾಕ್ಟರೊಬ್ಬರು ಜೊತೆಗಿರಬೇಕು, ಎಥಿಕ್ಸ್ ಕಮಿಟಿ ಒಪ್ಪಬೇಕು. ಹಾಗಾಗಿ ಪ್ರಶ್ನೆ ಆರಿಸುವಾಗಲೇ ಅದನ್ನು ಎಲ್ಲಿ ಕೂತು ಮಾಡಲು ಸಾಧ್ಯ ಅಂತಲೂ ಯೋಚಿಸಿ. ವಿದೇಶದಲ್ಲಿ ಕೈಚಾಚಿದರೆ ಸಿಗುತ್ತಿದ್ದ ಆಂಟಿಬಾಡಿ ಇಲ್ಲಿ ವಾರಗಟ್ಟಲೆ ಕಾಯಿಸುತ್ತದೆ.

ಈಗ ಕಷ್ಟದ ಭಾಗ: ಪಿಐ ಜೊತೆ ಮಾತು. "ಸರ್, ಇದರಲ್ಲಿ ಯಾವ ಭಾಗ ನಾನು ಮುಂದೆ ನನ್ನ ಲ್ಯಾಬಿಗೆ ತಗೊಂಡು ಹೋಗಬಹುದು?" ಅಂತ ಕೇಳಲು ನಮ್ಮವರಿಗೆ ಬಾಯೇ ಬರಲ್ಲ, ಸೇರಿ ಮೂರ್ನಾಲ್ಕು ವರ್ಷ ಕಳೆದು, ಹೊರಡುವ ಹೊತ್ತಿಗೆ ಕೇಳಿ ಮನಸ್ತಾಪ ಮಾಡಿಕೊಳ್ಳುತ್ತಾರೆ. ಸೇರುವ ಮೊದಲೇ, ಪೋಸ್ಟ್‌ಡಾಕ್ ಇಂಟರ್‌ವ್ಯೂನಲ್ಲೇ ಕೇಳಿ. ಒಳ್ಳೆ ಪಿಐ ಬೇಜಾರು ಮಾಡಿಕೊಳ್ಳಲ್ಲ. ಮಾಡಿಕೊಂಡರೆ ಆ ಲ್ಯಾಬ್ ಬಗ್ಗೆ ನಿಮಗೆ ಬೇಕಾದ್ದು ಗೊತ್ತಾಯಿತು. ಒಪ್ಪಿದ್ದನ್ನು ಆಮೇಲೆ ಒಂದು ಇಮೇಲ್‌ನಲ್ಲಿ ಬರೆದು ಕಳಿಸಿ, ಸುಮ್ನೆ ಧನ್ಯವಾದ ಹೇಳುವ ಧಾಟಿಯಲ್ಲೇ ಸಾಕು. ಇಲಿ ತಳಿ, ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಸುವ ಕೋಶಗಳು), ಪ್ಲಾಸ್ಮಿಡ್ (ಜೀನ್ ಸಾಗಿಸುವ ಡಿಎನ್‌ಎ ಉಂಗುರ) ಒಯ್ಯಲು ಸಂಸ್ಥೆಗಳ ನಡುವೆ ಎಂಟಿಎ ಅನ್ನುವ ವಸ್ತು ವರ್ಗಾವಣೆ ಒಪ್ಪಂದ ಆಗಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಒಂದಾದರೂ ಪೇಪರ್‌ನಲ್ಲಿ ನೀವೂ ಕರೆಸ್ಪಾಂಡಿಂಗ್ ಆಥರ್ (ಪೇಪರ್‌ನ ಹೊಣೆ ಹೊತ್ತು ಪತ್ರವ್ಯವಹಾರ ಮಾಡುವ ಲೇಖಕ) ಆಗಿದ್ದರೆ ಚೆನ್ನ. ಅದು ಆಗದಿದ್ದರೂ, ಈ ಐಡಿಯಾ ಇವರದೇ, ನಾನು ಇದರಲ್ಲಿ ಪೈಪೋಟಿಗೆ ಬರಲ್ಲ ಅಂತ ಪಿಐ ತಮ್ಮ ಶಿಫಾರಸು ಪತ್ರದಲ್ಲಿ ಬರೆಯಲಿ. ಆ ಒಂದು ಸಾಲಿನ ತೂಕ ದೊಡ್ಡದು.

ಇನ್ನು ದುಡ್ಡು. ಇಲ್ಲಿ ಕೆಲವು ಕಡೆ ವಯಸ್ಸು ನೋಡುತ್ತಾರೆ, ಕೆಲವು ಕಡೆ ಪಿಎಚ್‌ಡಿ ಆಗಿ ಎಷ್ಟು ವರ್ಷ ಅಂತ ನೋಡುತ್ತಾರೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಡಿಎಸ್‌ಟಿಯ ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್ ಐದು ವರ್ಷದ್ದು. ತಿಂಗಳಿಗೆ 1.25 ಲಕ್ಷ, ಸಂಶೋಧನೆಗೆ ವರ್ಷಕ್ಕೆ 7 ಲಕ್ಷ. ಆದರೆ ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 32, ಪಿಎಚ್‌ಡಿ ತಡವಾದವರಿಗೆ ಅದು ಕೈಗೆ ಸಿಗುವ ಮೊದಲೇ ಜಾರಿ ಹೋಗಿರುತ್ತದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಡಿಬಿಟಿ ಮತ್ತು ಬ್ರಿಟನ್ನಿನ ವೆಲ್ಕಮ್ ಟ್ರಸ್ಟ್ ಸೇರಿ ನಡೆಸುವ ಇಂಡಿಯಾ ಅಲಯನ್ಸ್ ಫೆಲೋಶಿಪ್ ವಯಸ್ಸು ನೋಡಲ್ಲ, ಸಂಶೋಧನೆಯ ಅನುಭವ ಎಷ್ಟು ವರ್ಷ ಅಂತ ನೋಡುತ್ತದೆ. ನನ್ನ ಪ್ರಕಾರ ಬಯೋಮೆಡಿಕಲ್‌ನವರು ಮೊದಲು ಕಣ್ಣಿಡಬೇಕಾದ್ದು ಇದರ ಮೇಲೆ. ವಿದೇಶದಲ್ಲಿದ್ದು ವಾಪಸ್ ಬರುವವರಿಗೆ ಡಿಬಿಟಿಯ ರಾಮಲಿಂಗಸ್ವಾಮಿ ಫೆಲೋಶಿಪ್ ಇದೆ. ಮದುವೆ, ಮಕ್ಕಳು ಅಂತ ನಡುವೆ ಬಿಟ್ಟ ಹೆಣ್ಣುಮಕ್ಕಳಿಗೆ ಡಿಬಿಟಿಯ ಬಯೋಕೇರ್. ಅಮೆರಿಕದಲ್ಲೇ ಉಳಿಯುವ ಯೋಚನೆ ಇದ್ದರೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಕೆ99/ಆರ್00 ಅನುದಾನ ನೋಡಿ, ಅದರ ಲೆಕ್ಕ ಪೋಸ್ಟ್‌ಡಾಕ್ ಶುರುವಾದಾಗಿಂದ, ಅದೂ ನಾಲ್ಕೇ ವರ್ಷ. ನಿಯಮಗಳು ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ಓದಿ.

ಫೆಲೋಶಿಪ್ ಅಂದರೆ ಕೆಲಸ ಅಲ್ಲ, ಇದು ನೆನಪಿರಲಿ. ಐದು ವರ್ಷ ಮುಗಿದ ಮೇಲೆ ಅದೇ ಸಂಸ್ಥೆ ಖಾಯಂ ಮಾಡಿಕೊಳ್ಳುತ್ತದೆ ಅಂತ ಯಾರೂ ಬರೆದು ಕೊಡಲ್ಲ. ಹಾಗಾಗಿ ಸೇರಿದ ಎರಡನೇ ವರ್ಷದಿಂದಲೇ ಬೇರೆ ಕಡೆ ಅರ್ಜಿ ಹಾಕುತ್ತಿರಿ, ಇದರಲ್ಲಿ ನಾಚಿಕೆ ಏನೂ ಇಲ್ಲ.

ಕೆಲಸ ಹುಡುಕುವಾಗ ಮುಖಪರಿಚಯ ಬೇಕೇ ಬೇಕು, ಇಷ್ಟವಾಗಲಿ ಬಿಡಲಿ. ಜೀವವಿಜ್ಞಾನಿಗಳನ್ನು ಒಟ್ಟುಗೂಡಿಸುವ ಇಂಡಿಯಾ ಬಯೋಸೈನ್ಸ್‌ನವರು 2009ರಿಂದ ಯಂಗ್ ಇನ್ವೆಸ್ಟಿಗೇಟರ್ಸ್ ಮೀಟಿಂಗ್ ನಡೆಸುತ್ತಾರೆ. ಅದಕ್ಕೆ ಪೋಸ್ಟ್‌ಡಾಕ್‌ಗಳನ್ನೂ ಆರಿಸುತ್ತಾರೆ, ಸಂಸ್ಥೆಗಳ ಮುಖ್ಯಸ್ಥರೂ ಬರುತ್ತಾರೆ. ಹೊರದೇಶದಲ್ಲಿರುವವರು ಹಬ್ಬಕ್ಕೆ ಊರಿಗೆ ಬಂದಾಗ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್, ಇನ್‌ಸ್ಟೆಮ್, ಜೆಎನ್‌ಸಿಎಎಸ್‌ಆರ್, ನಿಮ್ಹಾನ್ಸ್ ಹೀಗೆ ಎಲ್ಲಾದರೂ ಒಂದು ಸೆಮಿನಾರ್ ಕೊಡಿ. ಒಂದೆರಡು ತಿಂಗಳ ಮೊದಲೇ ಇಮೇಲ್ ಮಾಡಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಟಾಕ್ ಆದಮೇಲೆ ಊಟಕ್ಕೆ ಕೂತಾಗ ಹೊಸ ಫ್ಯಾಕಲ್ಟಿಯನ್ನು ಕೇಳಿ: ಲ್ಯಾಬಿಗೆ ಜಾಗ ಸಿಗಲು ಎಷ್ಟು ದಿನ ಆಯಿತು, ಶುರುವಿನ ದುಡ್ಡು ನಿಜಕ್ಕೂ ಬಂತಾ, ಪಾಠದ ಹೊರೆ ಎಷ್ಟು. ವೆಬ್‌ಸೈಟಿನಲ್ಲಿ ಸಿಗದ ಉತ್ತರಗಳಿವು.

ಆಫರ್ ಬಂದ ಕೂಡಲೇ ಹಿಗ್ಗಿ ಸಹಿ ಹಾಕಬೇಡಿ. ಜಾಗ, ಶುರುವಿನ ಅನುದಾನ, ಪ್ರಾಣಿಮನೆ, ಬೇರೆಯವರ ಜೊತೆ ಹಂಚಿಕೊಳ್ಳುವ ಉಪಕರಣ ಎಲ್ಲದಕ್ಕೂ ಲಿಖಿತ ಉತ್ತರ ತೆಗೆದುಕೊಳ್ಳಿ. ಸೇರಿದ ಮೇಲೆ ಕೇಳಿದರೆ "ನೋಡೋಣ" ಅನ್ನೋ ಉತ್ತರ ಬರುತ್ತದೆ. ಸಂಶೋಧನೆಗೆ ದುಡ್ಡು ಕೊಡುತ್ತಿದ್ದ ಕೇಂದ್ರದ ಹಳೆಯ ಸಂಸ್ಥೆ ಎಸ್‌ಇಆರ್‌ಬಿ ಜಾಗಕ್ಕೆ ಈಗ ಎಎನ್‌ಆರ್‌ಎಫ್ ಬಂದಿದೆ, ಹೊಸ ಫ್ಯಾಕಲ್ಟಿಗೆ ಅಂತಲೇ ಅಲ್ಲೊಂದು ಅನುದಾನ ಇದೆ, ಸೇರಿದ ಕೂಡಲೇ ಅದರ ತಯಾರಿ ಶುರು ಮಾಡಿ. ಪ್ರಾಣಿ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ, ರೋಗಿಗಳ ಸ್ಯಾಂಪಲ್‌ಗೆ ಮಾನವ ನೈತಿಕ ಸಮಿತಿ, ಜೀನ್ ತಿದ್ದುವ ಕೆಲಸಕ್ಕೆ ಬಯೋಸೇಫ್ಟಿ ಕಮಿಟಿ. ಇವುಗಳ ಸಭೆ ವಾರವಾರ ನಡೆಯಲ್ಲ, ಒಂದು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಖರೀದಿ ಅಂದರೆ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್, ಕೊಟೇಶನ್, ಟೆಂಡರ್. ಅಕೌಂಟ್ಸ್ ಸೆಕ್ಷನ್‌ನವರ ಹತ್ತಿರ ಹೋಗಿ ಕೂತು ನಿಯಮ ಕಲಿಯಿರಿ, ಅವರು ಸಹಾಯ ಮಾಡಿದರೆ ಅರ್ಧ ಕೆಲಸ ಆದ ಹಾಗೆ. ಮೊದಲ ವರ್ಷ ಒಬ್ಬರೋ ಇಬ್ಬರೋ ಜೆಆರ್‌ಎಫ್ (ಕಿರಿಯ ಸಂಶೋಧಕರು) ಸಾಕು. ಅವರಿಗೆ ಕಲಿಸುವವರು ನೀವೇ, ಪಿಪೆಟ್ ಕೆಳಗಿಡುವ ಕಾಲ ಇನ್ನೂ ಬಂದಿಲ್ಲ. ದೊಡ್ಡ ಉಪಕರಣ ಹಡಗಿನಲ್ಲೋ ಕಸ್ಟಮ್ಸ್‌ನಲ್ಲೋ ಕೂತಿರುವಾಗ ಪಕ್ಕದ ಲ್ಯಾಬಿನ ಮೈಕ್ರೋಸ್ಕೋಪ್‌ನಲ್ಲೇ ಮಾಡಬಹುದಾದ ಒಂದು ಪುಟ್ಟ ಪ್ರಯೋಗವನ್ನು ನೀವು ಸೇರುವ ಮೊದಲೇ ಯೋಚಿಸಿಟ್ಟುಕೊಂಡಿರಿ.