11 ಸೆಕೆಂಡಿನ ಅಲೆ, 69 ಗ್ರಾಂ ಕಲ್ಲು

ಬಂದರಿನ ಕಲ್ಲಿನ ಅಲೆತಡೆಯ ಕುರಿತ ನನ್ನ ಸಂಶೋಧನೆಯ ಮೊದಲ ಎರಡು ತಿಂಗಳು ಕಡಲ ಬದಿಯಲ್ಲಾಗಲಿ ಪ್ರಯೋಗಾಲಯದಲ್ಲಾಗಲಿ ಕಳೆಯಲಿಲ್ಲ, ಮನೆಯ ಜಗಲಿಯಲ್ಲಿ ಕಳೆದವು. ನಮ್ಮ ಮನೆ ಇರುವುದು ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ. ಹತ್ತಿರದ ಕೋರೆಯಿಂದ ಕರಿಕಲ್ಲಿನ ಜಲ್ಲಿ ತರಿಸಿ, ಒಂದೊಂದನ್ನೂ ತಕ್ಕಡಿಯಲ್ಲಿಟ್ಟು ತೂಗಿ, 65ರಿಂದ 73 ಗ್ರಾಂ ಒಳಗಿನವನ್ನಷ್ಟೇ ಆರಿಸಿಕೊಳ್ಳಬೇಕಿತ್ತು. ಜಗಲಿಯ ಇನ್ನೊಂದು ತುದಿಯಲ್ಲಿ ಅಮ್ಮ ಸುಲಿದ ಅಡಿಕೆಯನ್ನು ಪಟೋರ, ಕೋಕ ಎಂದು ವಿಂಗಡಿಸುತ್ತಿದ್ದರು. ಕಲ್ಲಿನ ಉದ್ದ ಅದರ ದಪ್ಪದ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಅದು ಚಪ್ಪಟೆ ಕಲ್ಲು, ಅಲೆಗೆ ಸುಲಭವಾಗಿ ಎದ್ದುಬಿಡುತ್ತದೆ, ಆದ್ದರಿಂದ ಅಂಥದ್ದನ್ನು ತೆಗೆದುಹಾಕಬೇಕು. ಅಳತೆಪಟ್ಟಿ ಹಿಡಿಯದೆ ಅಂಗೈಯಲ್ಲೇ ಅದನ್ನು ಗುರುತಿಸುವ ಅಭ್ಯಾಸ ನನಗೆ ಅವರ ಕೈಯನ್ನು ನೋಡುತ್ತಲೇ ಬಂತು. ಹೀಗೆ ಆರಿಸಿದ ಸುಮಾರು 1,400 ಕಲ್ಲುಗಳಿಗೆ ಕೆಂಪು, ಹಳದಿ, ಬಿಳಿ ಬಣ್ಣ ಬಳಿದು ಗೋಣಿಗಳಲ್ಲಿ ತುಂಬಿ ಪ್ರಯೋಗಾಲಯಕ್ಕೆ ಒಯ್ದೆ.

69 ಗ್ರಾಂ ಎಂಬ ಲೆಕ್ಕ ಎಲ್ಲಿಂದ ಬಂತೆಂದು ಹೇಳಬೇಕು. ಬಂದರಿನ ಬಾಯಿಯಲ್ಲಿ ಕಡಲೊಳಕ್ಕೆ ಚಾಚಿಕೊಂಡಿರುವ ಕಲ್ಲಿನ ಅಲೆತಡೆಯ ಹೊರಮೈಯನ್ನು ಕಾಯುವುದು ಅದರ ಮೇಲಿನ ಎರಡು ಪದರ ದೊಡ್ಡ ಕಲ್ಲುಗಳು. ಆ ಕಲ್ಲಿನ ತೂಕವನ್ನು ನಿರ್ಧರಿಸಲು ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಅಮೆರಿಕದ ಹಡ್ಸನ್ ಅವರು 1959ರಲ್ಲಿ ಪ್ರಕಟಿಸಿದ ಸೂತ್ರ. ಅದರ ಪ್ರಕಾರ ಬೇಕಾಗುವ ತೂಕ ಅಲೆಯ ಎತ್ತರದ ಘನದಷ್ಟು ಏರುತ್ತದೆ; ಅಲೆ 20 ಪ್ರತಿಶತ ಎತ್ತರವಾದರೆ ಕಲ್ಲು 73 ಪ್ರತಿಶತ ಭಾರವಾಗಬೇಕು. ನಾನು 1:30ರ ಅಳತೆಯಲ್ಲಿ, 1:2 ಇಳಿಜಾರಿನ (ಒಂದು ಪಾಲು ಏರಲು ಎರಡು ಪಾಲು ಅಡ್ಡ) ಮಾದರಿಯನ್ನು 10 ಸೆಂ.ಮೀ. ಎತ್ತರದ ಅಲೆಗೆ, ಅಂದರೆ ಕಡಲಿನ 3 ಮೀಟರ್ ಅಲೆಗೆ ವಿನ್ಯಾಸ ಮಾಡಿದಾಗ ಬಂದ ತೂಕ 69 ಗ್ರಾಂ. ಉದ್ದ 30 ಪಟ್ಟು ಹಿಗ್ಗಿದರೆ ತೂಕ 27,000 ಪಟ್ಟು ಹಿಗ್ಗುತ್ತದೆಯಾದ್ದರಿಂದ ನಿಜವಾದ ಕಲ್ಲು 1.86 ಟನ್ ಇರಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ ಪ್ರಯೋಗಾಲಯದ್ದು ಸಿಹಿನೀರು. ಉಪ್ಪುನೀರಿನಲ್ಲಿ ಕಲ್ಲು ಸ್ವಲ್ಪ ಹೆಚ್ಚು ಹಗುರವಾಗುವುದರಿಂದ ಅದೇ ಸೂತ್ರ ಕಡಲಿಗೆ 2.09 ಟನ್ ಕೇಳುತ್ತದೆ. ನೀರಿನ ಸಾಂದ್ರತೆಯಲ್ಲಿ ಎರಡೂವರೆ ಪ್ರತಿಶತದ ವ್ಯತ್ಯಾಸ ಕಲ್ಲಿನ ತೂಕದಲ್ಲಿ ಹನ್ನೆರಡು ಪ್ರತಿಶತಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವುದನ್ನು ನಾನು ಮೂರು ಸಲ ಲೆಕ್ಕ ಹಾಕಿ ನೋಡಿದ ಮೇಲೆಯೇ ನಂಬಿದೆ.

ಈ ಸೂತ್ರದಲ್ಲಿ ಅಲೆಯ ಎತ್ತರವಿದೆ, ಇಳಿಜಾರಿದೆ, ಕಲ್ಲಿನ ಸಾಂದ್ರತೆಯಿದೆ. ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಸಮಯ, ಅಂದರೆ ಅಲೆಯ ಅವಧಿ, ಇಲ್ಲವೇ ಇಲ್ಲ. ನನ್ನ ಕೆಲಸವೆಲ್ಲ ಆ ಇಲ್ಲದಿರುವುದರ ಸುತ್ತಲೇ ನಡೆಯಿತು. ನಮ್ಮ ಕಡಲಿನಲ್ಲಿ ಮಳೆಗಾಲದ ಅಲೆಗಳ ಅವಧಿ ಹೆಚ್ಚಾಗಿ 9ರಿಂದ 11 ಸೆಕೆಂಡ್. ಮಾದರಿಯಲ್ಲಿ ಸಮಯ 30ರ ವರ್ಗಮೂಲದಷ್ಟು ಕುಗ್ಗುವುದರಿಂದ ಕಡಲಿನ 11 ಸೆಕೆಂಡ್ ಅಲೆಗಾಲುವೆಯಲ್ಲಿ, ಅಂದರೆ ಅಲೆ ಎಬ್ಬಿಸುವ ಪ್ರಯೋಗಾಲಯದ ಉದ್ದನೆಯ ತೊಟ್ಟಿಯಲ್ಲಿ, 2 ಸೆಕೆಂಡ್ ಆಗುತ್ತದೆ.

ಅಲೆಗಾಲುವೆ 50 ಮೀಟರ್ ಉದ್ದವಾಗಿತ್ತು. ಒಂದು ತುದಿಯಲ್ಲಿ ಹಿಂದೆ ಮುಂದೆ ತೂಗಿ ಅಲೆ ಎಬ್ಬಿಸುವ ಹಲಗೆ, ಅಲ್ಲಿಂದ 35 ಮೀಟರ್ ದೂರದಲ್ಲಿ ನನ್ನ ಮಾದರಿ, ನೀರಿನ ಆಳ 40 ಸೆಂ.ಮೀ. ಮೊದಲ ವಾರ ನಾನು ಯಂತ್ರವನ್ನು ನಿಲ್ಲಿಸದೆ ಓಡಿಸಿದೆ. ಎತ್ತರ ಅಳೆಯುವ ಪ್ರೋಬ್ ಒಂದು ಜಾಗದಲ್ಲಿ 14 ಸೆಂ.ಮೀ. ತೋರಿಸಿದರೆ ಒಂದು ಮೀಟರ್ ಆಚೆ 10 ತೋರಿಸುತ್ತಿತ್ತು. ಪ್ರೋಬ್ ಕೆಟ್ಟಿದೆಯೆಂದು ತಿಳಿದು ಎರಡು ದಿನ ಅದನ್ನೇ ಮತ್ತೆ ಮತ್ತೆ ಸರಿಹೊಂದಿಸಿದೆ. ಕೆಟ್ಟದ್ದು ಪ್ರೋಬ್ ಅಲ್ಲ, ನನ್ನ ವಿಧಾನ. ಮಾದರಿಗೆ ಬಡಿದು ಹಿಂತಿರುಗಿದ ಅಲೆ ಬರುವ ಅಲೆಯೊಡನೆ ಸೇರಿ ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು ಉಂಟುಮಾಡುತ್ತಿತ್ತು; ಅದಕ್ಕಿಂತ ಹೆಚ್ಚಾಗಿ, ಹಿಂತಿರುಗಿದ ಅಲೆ ಹಲಗೆಗೆ ತಾಗಿ ಮತ್ತೊಮ್ಮೆ ಮಾದರಿಯತ್ತ ಹೊರಡುತ್ತಿತ್ತು. ನಾನು ಕೊಟ್ಟ ಅಲೆ ಒಂದು, ಕಲ್ಲಿಗೆ ತಾಗಿದ ಅಲೆ ಇನ್ನೊಂದು. ಆ ವಾರದ ಅಂಕಿಗಳೆಲ್ಲವನ್ನೂ ಕೈಬಿಟ್ಟೆ.

ಆಮೇಲೆ ಕೂತು ಲೆಕ್ಕ ಮಾಡಿದೆ. 2 ಸೆಕೆಂಡಿನ ಅಲೆಯ ಶಕ್ತಿ 40 ಸೆಂ.ಮೀ. ಆಳದಲ್ಲಿ ಸೆಕೆಂಡಿಗೆ ಸುಮಾರು 1.6 ಮೀಟರ್ ವೇಗದಲ್ಲಿ ಸಾಗುತ್ತದೆ. ಮಾದರಿಯಿಂದ ಹಲಗೆಗೆ ಹೋಗಿ ಮರಳಿ ಮಾದರಿಗೆ ಬರಲು ಅದಕ್ಕೆ ಸುಮಾರು 43 ಸೆಕೆಂಡ್ ಬೇಕು. ಅಂದರೆ ಒಂದು ಸರದಿಯಲ್ಲಿ ಶುದ್ಧವಾಗಿ ಸಿಗುವುದು 21 ಅಲೆಗಳು ಮಾತ್ರ. ಅಲ್ಲಿಗೆ ಯಂತ್ರ ನಿಲ್ಲಿಸಿ, ನೀರು ಪೂರ್ತಿ ಶಾಂತವಾಗುವವರೆಗೆ ಕಾಯಬೇಕು. ಒಂದು ಬಿರುಗಾಳಿಗೆ ಸಮನಾಗಿ 1,000 ಅಲೆ, ಅಂದರೆ ಕಡಲಿನ ಮೂರು ಗಂಟೆಯಷ್ಟು, ಕೊಡಬೇಕಾದರೆ ಇಂಥ 48 ಸರದಿಗಳು. ಬೆಳಿಗ್ಗೆ ಎಂಟಕ್ಕೆ ಆರಂಭಿಸಿದರೆ ಒಂದು ಪ್ರಯೋಗ ಮುಗಿಯುವಾಗ ಹೊರಗೆ ಕತ್ತಲಾಗಿರುತ್ತಿತ್ತು. ಜೊತೆಗೆ ಒಂದರ ಬದಲು ಮೂರು ಪ್ರೋಬ್‌ಗಳನ್ನು ಸಾಲಾಗಿ ನಿಲ್ಲಿಸಿ, ಬರುವ ಅಲೆಯನ್ನೂ ಹಿಂತಿರುಗುವ ಅಲೆಯನ್ನೂ ಬೇರ್ಪಡಿಸುವ ಕ್ರಮವನ್ನು ಅಳವಡಿಸಿಕೊಂಡೆ. ಅಲೆಯ ಉದ್ದ 3.7 ಮೀಟರ್ ಇದ್ದಾಗ ಮೊದಲ ಎರಡು ಪ್ರೋಬ್‌ಗಳ ನಡುವೆ ಅದರ ಹತ್ತನೆಯ ಒಂದು, 37 ಸೆಂ.ಮೀ.; ಅವಧಿ ಬದಲಾದಾಗಲೆಲ್ಲ ಈ ಅಂತರವೂ ಬದಲಾಗಬೇಕು.

ಹಾನಿಯನ್ನು ಅಳೆಯುವುದಕ್ಕೆ ಕಲ್ಲು ಎಣಿಸುವುದಷ್ಟೇ ಸಾಲದು. ಪ್ರತಿ ಪ್ರಯೋಗದ ಮೊದಲೂ ಆಮೇಲೂ ಇಳಿಜಾರಿನ ಅಡ್ಡನೋಟವನ್ನು ಕಡ್ಡಿಗಳ ಸಾಲಿನಿಂದ ಅಳೆದು, ಸವೆದುಹೋದ ಭಾಗದ ವಿಸ್ತೀರ್ಣವನ್ನು ಕಲ್ಲಿನ ಅಳತೆಯ ವರ್ಗದಿಂದ ಭಾಗಿಸಬೇಕು. ಸಿಗುವ ಸಂಖ್ಯೆ 2 ಆದರೆ ಹಾನಿ ಆರಂಭವಾಗಿದೆ; 1:2 ಇಳಿಜಾರಿನಲ್ಲಿ 8 ಆದರೆ ಒಳಪದರ ಕಾಣುತ್ತಿದೆ, ಗೋಡೆ ಸೋತಿದೆ. ನನ್ನ ಕಲ್ಲಿನ ಅಳತೆ ಸುಮಾರು 3 ಸೆಂ.ಮೀ. ಆದ್ದರಿಂದ ಆರಂಭಕ್ಕೂ ಸೋಲಿಗೂ ನಡುವೆ ಇರುವುದು ಬೆಂಕಿಪೊಟ್ಟಣದ ಸುಮಾರು ಮೂರು ಮುಖಗಳಷ್ಟು ಜಾಗ ಮಾತ್ರ. ಪ್ರತಿ ಸಲವೂ ಕಲ್ಲುಗಳನ್ನು ಬಿಚ್ಚಿ ಹೊಸದಾಗಿ ಜೋಡಿಸುತ್ತಿದ್ದೆ, ಒಂದೊಂದು ಪ್ರಯೋಗವನ್ನೂ ಮೂರು ಸಲ ಮಾಡುತ್ತಿದ್ದೆ. ಏಕೆಂದರೆ ಬೇರೆ ಕೈ ಜೋಡಿಸಿದ ಪದರ ಬೇರೆ ರೀತಿಯಲ್ಲಿ ನಿಲ್ಲುತ್ತದೆ ಎಂಬುದು ಬೇಗನೆ ಗೊತ್ತಾಗಿತ್ತು.

ಎತ್ತರವನ್ನು 12 ಸೆಂ.ಮೀ.ಗೆ ಸ್ಥಿರವಾಗಿಟ್ಟು ಅವಧಿಯನ್ನು 1.2ರಿಂದ 2.4 ಸೆಕೆಂಡಿನವರೆಗೆ ಏರಿಸುತ್ತ ಹೋದೆ. ಅವಧಿ ಹೆಚ್ಚಿದಂತೆ ಹಾನಿಯೂ ಹೆಚ್ಚುತ್ತಲೇ ಹೋಗುತ್ತದೆಂದು ಎಣಿಸಿದ್ದೆ. 1.2 ಸೆಕೆಂಡಿನ ಅಲೆ ಇಳಿಜಾರಿನ ಮೇಲೆ ಸುರುಳಿಯಾಗಿ ಕವುಚಿ ದೊಡ್ಡ ಸದ್ದು ಮಾಡಿತು, ಕೆಲವು ಹಳದಿ ಕಲ್ಲುಗಳು ಅಲುಗಾಡಿದವು, ಹೆಚ್ಚೇನೂ ಆಗಲಿಲ್ಲ. 2 ಸೆಕೆಂಡಿನ ಅಲೆಯಲ್ಲಿ ಸದ್ದೇ ಇರಲಿಲ್ಲ. ನೀರು ಬಹಳ ಕೆಳಗಿನವರೆಗೆ ಇಳಿದು, ಕಲ್ಲುಗಳ ಸಂದಿನಿಂದ ಹೊರಕ್ಕೆ ಹರಿಯುತ್ತಿದ್ದ ಆ ಕ್ಷಣಕ್ಕೇ ಸರಿಯಾಗಿ ಮುಂದಿನ ಅಲೆ ಬುಡಕ್ಕೆ ಬಂದು ಕುಸಿಯುತ್ತಿತ್ತು. ಒಳಗಿನಿಂದ ಹೊರನೂಕುವ ನೀರೂ ಹೊರಗಿನಿಂದ ಎತ್ತುವ ನೀರೂ ಒಂದೇ ಹೊತ್ತಿಗೆ ಕೂಡಿದಾಗ ಕಲ್ಲು ಉರುಳುವುದಿಲ್ಲ, ತನ್ನ ಗೂಡಿನಿಂದ ಹಲ್ಲು ಕಿತ್ತಂತೆ ಮೇಲೆದ್ದು ಬರುತ್ತದೆ. ಗಾಜಿನ ಪಕ್ಕ ಮೊಣಕಾಲೂರಿ ಕೂತು ನಾನದನ್ನು ಕಣ್ಣಾರೆ ನೋಡಿದೆ. ಸಂಜೆಗೆ ಒಳಪದರ ಕಾಣುತ್ತಿತ್ತು. 2.4 ಸೆಕೆಂಡಿನಲ್ಲಿ ಅಲೆ ಮುರಿಯದೆ ಇಳಿಜಾರಿನಲ್ಲಿ ಏರಿ ಇಳಿಯತೊಡಗಿದಾಗ ಹಾನಿ ಮತ್ತೆ ತುಸು ತಗ್ಗಿತು. ಡಚ್ ಎಂಜಿನಿಯರ್ ವಾನ್ ಡರ್ ಮೀರ್ ಅವರು 1988ರಲ್ಲಿ ಮಂಡಿಸಿದ ಸೂತ್ರಗಳಲ್ಲಿ ಅವಧಿಯೂ ಅಲೆಗಳ ಸಂಖ್ಯೆಯೂ ಸೇರಿವೆ, ಮತ್ತು ಈ ತಿರುವು ಎಲ್ಲಿ ಬರುತ್ತದೆಂಬುದನ್ನೂ ಅವು ಹೇಳುತ್ತವೆ. ನನ್ನ ಮಾದರಿಯ ತಿರುವು ಅದಕ್ಕೆ ಹತ್ತಿರವೇ ಬಿತ್ತು. ನನಗೆ ಮುಖ್ಯವಾಗಿ ಕಂಡದ್ದು ಬೇರೆ: 1:2 ಇಳಿಜಾರಿಗೆ ಅತಿ ಕೆಟ್ಟ ಅವಧಿ ಮಳೆಗಾಲದ ನಡುವಿನ ನಮ್ಮ ಆಟಿ ತಿಂಗಳ ಕಡಲಿನ ಅವಧಿಯೇ ಆಗಿತ್ತು. ನಮ್ಮ ತೀರಕ್ಕೆ ಎತ್ತರವೊಂದನ್ನೇ ನೋಡಿ ಕಲ್ಲು ಆರಿಸುವುದು ಸಾಲದೆಂದು ನಾನು ಅಂದಿನಿಂದ ದೃಢವಾಗಿ ನಂಬಿದ್ದೇನೆ.

ಆದರೂ ನನ್ನ ಮಾದರಿ ತೋರಿಸಲಾರದ ಸಂಗತಿಯೊಂದಿತ್ತು. ಅದರ ತಳ ಕಾಂಕ್ರೀಟು. ಮಳೆ ಬಿಟ್ಟ ಒಂದು ವಾರ ಕುಂಬಳೆಯ ಕಡಲ ಬದಿಯ ಕಲ್ಲಿನ ತಡೆಗೋಡೆಯನ್ನು ಉದ್ದಕ್ಕೂ ನಡೆದು ನೋಡಿದಾಗ, ಇಳಿಜಾರಿನಿಂದ ಕಿತ್ತುಬಂದ ಕಲ್ಲುಗಳು ಕಡಿಮೆ, ಬುಡದಲ್ಲಿ ಮರಳು ಕೊರೆದುಹೋಗಿ ಹುಗಿದುಹೋದ ಕಲ್ಲುಗಳೇ ಹೆಚ್ಚು. ಬುಡ ಜಗ್ಗಿದ ಮೇಲೆ ಮೇಲಿನ ಸಾಲುಗಳು ಆಸರೆಯಿಲ್ಲದೆ ಕೆಳಗೆ ಜಾರಿದ್ದವು. ಮಳೆಗಾಲದಲ್ಲಿ ಮರಳು ಕಡಲೊಳಕ್ಕೆ ಸರಿದು ಬೇಸಿಗೆಯಲ್ಲಿ ಮರಳಿ ಬರುತ್ತದೆ. ಹುಗಿದ ಕಲ್ಲು ಮಾತ್ರ ಮೇಲೆ ಬರುವುದಿಲ್ಲ. ಊರಿಗೆ ಹೋದಾಗಲೆಲ್ಲ ಒಂದೇ ಜಾಗದ ಬುಡದ ಸಾಲಿನಲ್ಲಿ ನಲವತ್ತು ಕಲ್ಲುಗಳಿಗೆ ಹಳದಿ ಗುರುತು ಹಾಕಿ, ಲೆವೆಲ್ ಉಪಕರಣದಿಂದ ಅವುಗಳ ಮಟ್ಟವನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ. ಕಳೆದ ಸಲ ಹೋದಾಗ ಅವುಗಳಲ್ಲಿ ಹನ್ನೊಂದು ಕಣ್ಣಿಗೆ ಸಿಗಲಿಲ್ಲ. ಮುಂದಿನ ಮಾದರಿಯ ತಳಕ್ಕೆ ಹಾಸಲು ಅಲ್ಲಿಂದಲೇ ಒಂದು ಬಕೆಟ್ ಮರಳನ್ನು ಜರಡಿ ಹಿಡಿದು ಕಣದ ಅಳತೆ ನೋಡಲೆಂದು ತಂದಿಟ್ಟಿದ್ದೇನೆ.