ಏರ್ ರೈಫಲ್ ಸ್ಕೋಪ್ ಕೂರಬೇಕಾದದ್ದು ಹಿಂದಿನ ರೈಲಿನ ಮೇಲೆ

ಕಾರವಾರ, ಕುಮಟಾದಲ್ಲಿ ಇರಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಲ್ಲಿ ಇರಲಿ, ಏರ್ ರೈಫಲ್ ಇಟ್ಟುಕೊಂಡವರು ಅಲ್ಲಲ್ಲಿ ಸಿಗುತ್ತಾರೆ. ಹಳೆಯದರಲ್ಲಿ ಮರದ ಹಿಡಿಕೆ, ಕಬ್ಬಿಣದ ನಳಿಗೆ, ಅಷ್ಟೇ. ಈಗ ಬರುವ ಪಿಸಿಪಿ, ಅಂದರೆ ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟು ಹೊಡೆಯುವ, ರೈಫಲ್‌ಗಳ ವೇಷವೇ ಬೇರೆ. ಎಡಗೈ ಹಿಡಿಯುವ ಮುಂಭಾಗಕ್ಕೆ, ಅಂದರೆ ಹ್ಯಾಂಡ್‌ಗಾರ್ಡ್‌ಗೆ, ಉದ್ದಕ್ಕೂ ಹಲ್ಲುಹಲ್ಲಾದ ರೈಲ್, ಸಾಮಾನು ಕೂರಿಸುವ ಪಟ್ಟಿ. ಅಷ್ಟು ಉದ್ದದ ರೈಲ್ ಕಂಡರೆ ಕೈ ಸುಮ್ಮನಿರುವುದಿಲ್ಲ. ಸ್ಕೋಪನ್ನು, ಅಂದರೆ ಗುರಿ ನೋಡುವ ದುರ್ಬೀನನ್ನು, ಹಿಡಿಯುವ ಒಂದು ರಿಂಗ್ ಹಿಂದೆ, ಇನ್ನೊಂದು ರಿಂಗ್ ಮುಂದೆ ಹ್ಯಾಂಡ್‌ಗಾರ್ಡ್ ಮೇಲೆ. ನೋಡಲಿಕ್ಕೆ ಚಂದ. ಗುಂಡು ಮಾತ್ರ ನಿನ್ನೆ ಒಂದು ಕಡೆ, ಇವತ್ತು ಇನ್ನೊಂದು ಕಡೆ. ಆಮೇಲೆ ಬೈಗುಳ ಸ್ಕೋಪಿಗೆ.

ಶುರು ಮಾಡುವ ಮೊದಲು ಮ್ಯಾಗಜೀನ್ ತೆಗೆಯಿರಿ, ನಳಿಗೆ ಖಾಲಿ ಇದೆಯಾ ಅಂತ ಕಣ್ಣಾರೆ ನೋಡಿ, ಕಾಕ್ ಆಗಿದ್ದರೆ, ಅಂದರೆ ಹೊಡೆಯಲು ಸಜ್ಜಾಗಿದ್ದರೆ, ಸುರಕ್ಷಿತ ದಿಕ್ಕಿಗೆ ಹಿಡಿದು ಇಳಿಸಿ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಆದರೆ ಇದನ್ನು ಬಿಡುವವರಿಗೆ ಮುಂದಿನದು ಬೇಡ.

ಈಗ ರೈಲ್ ಯಾವುದು ಅಂತ ನೋಡಿ. ಹಳೆಯ ಸ್ಪ್ರಿಂಗ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 11 ಮಿ.ಮೀ. ಡವ್‌ಟೇಲ್, ಅಂದರೆ ಎರಡು ಬದಿಗೆ ಓರೆಯಾಗಿ ಕೊರೆದ ಕಿರಿದಾದ ಕಚ್ಚು. ಹೊಸದರಲ್ಲಿ ಇರುವುದು ಪಿಕಟಿನಿ. ಅಮೆರಿಕದ ಸೇನೆ 1995ರಲ್ಲಿ ಗೊತ್ತುಮಾಡಿದ ಅಳತೆ ಅದು: ಕಚ್ಚಿನ ಅಗಲ 5.23 ಮಿ.ಮೀ., ಒಂದು ಕಚ್ಚಿನಿಂದ ಮುಂದಿನದಕ್ಕೆ 10.01 ಮಿ.ಮೀ. ವೀವರ್ ಅನ್ನುವ ಇನ್ನೊಂದು ಜಾತಿ ಇದೆ, ಅದರ ಕಚ್ಚು 4.57 ಮಿ.ಮೀ. ಹಾಗಾಗಿ ವೀವರ್ ರಿಂಗ್ ಪಿಕಟಿನಿ ಮೇಲೆ ಕೂರುತ್ತದೆ, ಪಿಕಟಿನಿ ರಿಂಗ್ ವೀವರ್ ಮೇಲೆ ಕೂರದೇ ಇರಬಹುದು. ಕೂರದಿದ್ದರೆ ಅರ ಹಾಕಿ ಉಜ್ಜಲು ಹೋಗಬೇಡಿ. ಸ್ಕೋಪ್ ಕೊಳವೆಯ ದಪ್ಪವನ್ನೂ ನೋಡಿಕೊಳ್ಳಿ. ಒಂದು ಇಂಚು ಅಂದರೆ 25.4 ಮಿ.ಮೀ., ಇನ್ನೊಂದು 30 ಮಿ.ಮೀ. ಮೂವತ್ತರ ರಿಂಗಿಗೆ ಸೈಕಲ್ ಟ್ಯೂಬ್ ಸುತ್ತಿ ಒಂದು ಇಂಚಿನ ಸ್ಕೋಪ್ ಕೂರಿಸಿದವರನ್ನು ನೋಡಿದ್ದೇನೆ. ರಬ್ಬರ್ ಇದ್ದಲ್ಲಿ ಬಿಗಿತ ಇರುವುದಿಲ್ಲ.

ಇನ್ನು ಎಲ್ಲರೂ ಎಡವುವ ಜಾಗ. ನಳಿಗೆ ಗಟ್ಟಿಯಾಗಿ ಕಚ್ಚಿಕೊಂಡಿರುವುದು ರಿಸೀವರ್‌ಗೆ, ಅಂದರೆ ಟ್ರಿಗರಿನ ಮೇಲಿರುವ ರೈಫಲ್ಲಿನ ಮುಖ್ಯ ಭಾಗಕ್ಕೆ. ಸ್ಕೋಪೂ ಅಲ್ಲೇ ಇದ್ದರೆ ಎರಡೂ ಒಟ್ಟಿಗೆ ಇರುತ್ತವೆ. ಹ್ಯಾಂಡ್‌ಗಾರ್ಡ್ ಹಾಗಲ್ಲ. ಹೆಚ್ಚಿನ ರೈಫಲ್‌ಗಳಲ್ಲಿ ಅದು ಹಿಂದಿನ ತುದಿಯಲ್ಲಿ ಮಾತ್ರ ಹಿಡಿದಿರುತ್ತದೆ, ಮುಂದೆ ತೇಲುತ್ತಿರುತ್ತದೆ. ಬೈಪಾಡ್ (ಮುಂದೆ ಕಟ್ಟುವ ಎರಡು ಕಾಲಿನ ಆಸರೆ) ಮೇಲೆ ಭಾರ ಬಿಟ್ಟರೆ ಸ್ವಲ್ಪ ಬಾಗುತ್ತದೆ, ಹೆಗಲಿಗೆ ಹಾಕುವ ಸ್ಲಿಂಗ್ ಪಟ್ಟಿ ಎಳೆದರೆ ಇನ್ನೊಂದು ಕಡೆ ಬಾಗುತ್ತದೆ. ಕೆಲವು ಪಿಸಿಪಿಗಳಲ್ಲಿ ಗಾಳಿಯ ಸಿಲಿಂಡರಿಗೇ ಅದನ್ನು ಕಟ್ಟಿರುತ್ತಾರೆ. 200 ಬಾರ್ ಒತ್ತಡಕ್ಕೆ ತುಂಬಿದ ಸಿಲಿಂಡರಿಗೂ ಅರ್ಧ ಖಾಲಿಯಾದ ಸಿಲಿಂಡರಿಗೂ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಬರುತ್ತದೆ.

ಕೂದಲೆಳೆ ತಾನೇ ಅನ್ನಬೇಡಿ. ಲೆಕ್ಕ ಹಾಕಿ. ಎರಡು ರಿಂಗ್ ನಡುವೆ 10 ಸೆಂ.ಮೀ. ಇದೆ ಅನ್ನಿ. ಮುಂದಿನ ರಿಂಗ್ 0.1 ಮಿ.ಮೀ. ಸರಿಯಿತು. ಒಂದು ಜೆರಾಕ್ಸ್ ಹಾಳೆಯ ದಪ್ಪವೇ ಸುಮಾರು ಅಷ್ಟು. 25 ಮೀಟರ್ ದೂರದ ಹಲಗೆಯ ಮೇಲೆ ಅದು 25 ಮಿ.ಮೀ. ಆಗುತ್ತದೆ, ಒಂದು ಇಂಚು! ಸಾಲದ್ದಕ್ಕೆ, ಎರಡು ಬೇರೆ ಬೇರೆ ತುಂಡುಗಳ ನಡುವೆ ಸೇತುವೆಯ ಹಾಗೆ ಸಿಕ್ಕಿಕೊಂಡ ಸ್ಕೋಪಿನ ಕೊಳವೆಯೂ ಪ್ರತಿ ಸಲ ತಿರುಚಿಕೊಳ್ಳುತ್ತದೆ.

"ಮಾರಾಯ್ರೆ, ರಿಸೀವರ್ ಮೇಲೆ ಜಾಗವೇ ಇಲ್ಲ, ಕಣ್ಣಿಗೆ ಸ್ಕೋಪ್ ತೀರಾ ಹತ್ತಿರ ಬರುತ್ತದೆ" ಅನ್ನುವವರಿದ್ದಾರೆ. ಅದಕ್ಕೆ ಕ್ಯಾಂಟಿಲಿವರ್ ಮೌಂಟ್ ಅಂತ ಸಿಗುತ್ತದೆ. ಅದರ ಕಾಲು ಪೂರ್ತಿ ರಿಸೀವರ್ ಮೇಲೆ, ರಿಂಗ್‌ಗಳು ಮಾತ್ರ ಮುಂದಕ್ಕೆ ಚಾಚಿಕೊಂಡಿರುತ್ತವೆ. ಮ್ಯಾಗಜೀನ್ ಮೇಲೆದ್ದು ನಿಲ್ಲುವ ರೈಫಲ್‌ಗೆ ಎತ್ತರದ ರಿಂಗ್ ಬೇಕು. ರಿಸೀವರ್ ರೈಲೂ ಹ್ಯಾಂಡ್‌ಗಾರ್ಡ್ ರೈಲೂ ಮೇಲಿನಿಂದ ಒಂದೇ ಗೆರೆಯ ಹಾಗೆ ಕಂಡರೂ ನಡುವೆ ಸೀಳು ಇದ್ದೇ ಇರುತ್ತದೆ. ಉಗುರು ಎಳೆದು ನೋಡಿ, ತಗಲುತ್ತದೆ. ಆ ಸೀಳನ್ನು ಯಾವ ರಿಂಗೂ ದಾಟಬಾರದು. ಹ್ಯಾಂಡ್‌ಗಾರ್ಡ್ ರೈಲ್ ಇರುವುದು ಬೈಪಾಡಿಗೆ, ಟಾರ್ಚಿಗೆ. ಅದಕ್ಕೇ ಬಿಡಿ.

ಮೌಂಟನ್ನು ರೈಲಿಗೆ ಹಾಕುವಾಗ ಅಡ್ಡ ಬೋಲ್ಟ್ ಕಚ್ಚಿನೊಳಗೆ ಇಳಿದ ಮೇಲೆ ಇಡೀ ಮೌಂಟನ್ನು ಮುಂದಕ್ಕೆ ಒತ್ತಿ, ಕಚ್ಚಿನ ಮುಂದಿನ ಗೋಡೆಗೆ ತಾಗಿಸಿ, ಆಮೇಲೆ ಬಿಗಿ ಮಾಡಿ. ಸ್ಪ್ರಿಂಗ್ ರೈಫಲ್ ಆದರೆ ಕಥೆ ಬೇರೆ. ಅದು ಮೊದಲು ಹಿಂದಕ್ಕೆ, ಕೂಡಲೇ ಮುಂದಕ್ಕೆ ಒದೆಯುತ್ತದೆ. ಡವ್‌ಟೇಲ್ ಮೇಲೆ ರಿಂಗ್ ನಿಧಾನವಾಗಿ ಹಿಂದಕ್ಕೆ ತೆವಳುತ್ತದೆ. ಜಾರದಂತೆ ತಡೆಯುವ ಸ್ಟಾಪ್ ಪಿನ್ ಇರುವ ಒಂದೇ ತುಂಡಿನ ಮೌಂಟ್ ತಗೊಳ್ಳಿ. ಈ ಎರಡು ಕಡೆಯ ಒದೆತಕ್ಕೆ ಅಂತಲೇ ಮಾಡಿದ ಸ್ಕೋಪ್ ಬೇಕು. ದೊಡ್ಡ ಬಂದೂಕಿನ ದುಬಾರಿ ಸ್ಕೋಪ್ ಕೂಡ ಇದರ ಮೇಲೆ ಒಳಗಿಂದ ಸಡಿಲವಾಗಬಹುದು.

ಕೊಳವೆಯನ್ನೂ ರಿಂಗಿನ ಒಳಮೈಯನ್ನೂ ಸ್ಪಿರಿಟ್ ಹಾಕಿ ಒರೆಸಿ, ಒಣಗಿಸಿ, ಸ್ಕೋಪ್ ಇಟ್ಟು ಮೇಲಿನ ಕ್ಯಾಪ್ ಸಡಿಲವಾಗಿ ಹಾಕಿ. ಝೂಮ್ ಪೂರ್ತಿ ಏರಿಸಿ. ಕಣ್ಣು ಮುಚ್ಚಿ ರೈಫಲ್ ಭುಜಕ್ಕೇರಿಸಿ, ಕೆನ್ನೆ ತಾನಾಗಿ ಎಲ್ಲಿ ಕೂರುತ್ತದೋ ಅಲ್ಲಿಟ್ಟು ಕಣ್ಣು ತೆರೆಯಿರಿ. ಅಂಚಿನಲ್ಲಿ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಾಣುವವರೆಗೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿ. ಕುತ್ತಿಗೆ ಚಾಚಿ ಹುಡುಕಬೇಡಿ.

ಸ್ಕೋಪಿನ ಒಳಗೆ ಕಾಣುವ ಗೆರೆ ನೆಟ್ಟಗೆ ಮಾಡಲಿಕ್ಕೆ ಮೊಬೈಲಿನ ಗುಳ್ಳೆ ಆ್ಯಪನ್ನು ನಾನು ನಂಬುವುದಿಲ್ಲ. ಗಾರೆ ಕೆಲಸದವರ ತೂಗುಗುಂಡು ತಂದು 20 ಮೀಟರ್ ಆಚೆ ಗಾಳಿಯಿಲ್ಲದ ಕಡೆ ನೇತುಹಾಕಿ. ರಿಸೀವರ್ ರೈಲಿನ ಮೇಲೆ ಸಣ್ಣ ರಸಮಟ್ಟ ಇಟ್ಟು ರೈಫಲ್ ಮಟ್ಟ ಮಾಡಿ, ಸ್ಕೋಪಿನ ನಿಂತ ಗೆರೆಯನ್ನು ಆ ದಾರಕ್ಕೆ ಕೂಡಿಸಿ. ತಮಾಷೆ ಇರುವುದು ಇದರ ನಂತರ. ಒಂದು ಬದಿಯ ಸ್ಕ್ರೂ ಮೊದಲೇ ಬಿಗಿದರೆ ಸ್ಕೋಪ್ ಆ ಕಡೆ ತಿರುಗಿಬಿಡುತ್ತದೆ. ಎಡಕ್ಕೆ ಕಾಲು ಸುತ್ತು, ಬಲಕ್ಕೆ ಕಾಲು ಸುತ್ತು, ಮೂಲೆಯಿಂದ ಮೂಲೆಗೆ ಹೋಗಿ. ಪ್ರತಿ ಸುತ್ತಿಗೂ ದಾರ ನೋಡಿ. ಕ್ಯಾಪಿನ ಎರಡೂ ಬದಿಯ ಸಂದು ಸಮ ಇರಬೇಕು. ಸಂದು ಪೂರ್ತಿ ಮುಚ್ಚಿಹೋದರೆ ಅದು ಕಳಪೆ ರಿಂಗ್, ವಾಪಸ್ ಕೊಡಿ.

ಎಷ್ಟು ಬಿಗಿಯಬೇಕು? ಕ್ಯಾಪ್ ಸ್ಕ್ರೂಗೆ ಸಾಮಾನ್ಯವಾಗಿ 1.7ರಿಂದ 2 ನ್ಯೂಟನ್ ಮೀಟರ್ ಸಾಕು. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಅಡಿಯ ಬೋಲ್ಟಿಗೆ ಇದಕ್ಕಿಂತ ಜಾಸ್ತಿ ಬೇಕು, ಮೌಂಟಿನ ಚೀಟಿ ನೋಡಿ. ಟಾರ್ಕ್ ಸ್ಕ್ರೂಡ್ರೈವರ್ ಇಲ್ಲದವರು ಅಲೆನ್ ಕೀಯ ಉದ್ದ ಕಾಲನ್ನು ಸ್ಕ್ರೂ ಒಳಗೆ ಹಾಕಿ, ಗಿಡ್ಡ ಕಾಲನ್ನು ಎರಡೇ ಬೆರಳಲ್ಲಿ ತಿರುಗಿಸಿ. ಬೆರಳು ಸೋತಲ್ಲಿಗೆ ನಿಲ್ಲಿಸಿ. ನಮ್ಮಲ್ಲಿ ಅಭ್ಯಾಸ ಉಲ್ಟಾ, ಕೀಗೆ ಪೈಪ್ ತುಂಡು ಸಿಕ್ಕಿಸಿ ಎಳೆಯುತ್ತಾರೆ. ಕೊಳವೆ ಒಳಗೆ ಕುಗ್ಗುತ್ತದೆ, ಝೂಮ್ ಬಿಗಿಯಾಗುತ್ತದೆ, ಗುರಿ ಸರಿಪಡಿಸುವ ಕ್ಲಿಕ್ ತಿರುಪನ್ನು ತಿರುಗಿಸಿದರೂ ಗುಂಡು ಬೀಳುವ ಜಾಗ ಕದಲುವುದಿಲ್ಲ. ಎಂ-ಸೀಲ್ ಹಚ್ಚುವವರಿಗೆ ದೂರದಿಂದಲೇ ನಮಸ್ಕಾರ. ಕ್ಯಾಪ್ ಸ್ಕ್ರೂಗೆ ಯಾವ ಅಂಟೂ ಬೇಡ. ಅಡಿಯ ಬೋಲ್ಟಿಗೆ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ ಆಗಬಹುದು. ಕೆಂಪು ಖಂಡಿತ ಬೇಡ, ಅದನ್ನು ಬಿಚ್ಚಲಿಕ್ಕೆ ಬೆಂಕಿಯಲ್ಲಿ ಕಾಯಿಸಬೇಕು. ಕೊನೆಗೆ ಸ್ಕ್ರೂ ತಲೆಯಿಂದ ರಿಂಗಿನ ಮೇಲೆ ನೇಲ್ ಪಾಲಿಶ್‌ನ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ಸ್ಕ್ರೂ ಸಡಿಲಾಗಿದೆ ಅಂತ ಗೊತ್ತಾಗುತ್ತದೆ.

ಕರಾವಳಿಯವರಿಗೆ ಒಂದು ಮಾತು ಜಾಸ್ತಿ. ಉಪ್ಪುಗಾಳಿಗೆ ಅಲ್ಯೂಮಿನಿಯಂ ರಿಂಗ್ ಮತ್ತು ಉಕ್ಕಿನ ಸ್ಕ್ರೂ ಸೇರಿದ ಕಡೆ ಬಿಳಿ ಪುಡಿ ಏಳುತ್ತದೆ, ಆಮೇಲೆ ಸ್ಕ್ರೂ ಬಿಚ್ಚುವುದೇ ಕಷ್ಟ. ಹೊರಮೈಗೆ ಗನ್ ಆಯಿಲ್ ತೆಳ್ಳಗೆ ಒರೆಸಿ. ತೆಂಗಿನೆಣ್ಣೆ ಬೇಡ, ಧೂಳು ಹಿಡಿಯುತ್ತದೆ. ಮಳೆಗಾಲದಲ್ಲಿ ರೆಕ್ಸಿನ್ ಚೀಲದೊಳಗೆ ಮುಚ್ಚಿಟ್ಟರೆ ಮಸೂರಕ್ಕೆ ಬೂಸ್ಟು ಬರುತ್ತದೆ, ಘಟ್ಟದ ಮೇಲೂ ಅಷ್ಟೇ.

ಇನ್ನು ಕಾಗದದ ಗುರಿ ಹಾಕಿ 25 ಮೀಟರಿನಲ್ಲಿ ಐದು ಗುಂಡು ಹೊಡೆಯಿರಿ. ಕಾಲು ಎಂಒಎ (ಕೋನದ ಒಂದು ಸಣ್ಣ ಅಳತೆ) ಸ್ಕೋಪಿನಲ್ಲಿ ಈ ದೂರಕ್ಕೆ ಒಂದು ಕ್ಲಿಕ್ ಅಂದರೆ ಸುಮಾರು 1.8 ಮಿ.ಮೀ. ಐದು ತೂತುಗಳ ಗುಂಪು ಗುರಿಗಿಂತ 18 ಮಿ.ಮೀ. ಕೆಳಗಿದ್ದರೆ ಮೇಲಕ್ಕೆ ಹತ್ತು ಕ್ಲಿಕ್. ಒಂದೊಂದು ಗುಂಡಿಗೂ ತಿರುಗಿಸುತ್ತಾ ಕೂರಬೇಡಿ, ಗುಂಪಿನ ನಡುಮಧ್ಯ ನೋಡಿ ತಿರುಗಿಸಿ. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಗೆ ತಯಾರಾಗುವ ಮಕ್ಕಳಿದ್ದರೆ ಈ ಖರ್ಚೇ ಬೇಡ, ಅಲ್ಲಿ ಸ್ಕೋಪ್ ನಡೆಯುವುದಿಲ್ಲ, ತೂತಿನ ಸೈಟ್ ಮಾತ್ರ. ತೋಟಕ್ಕೆ ಮಂಗ ಬಂತು, ನವಿಲು ಬಂತು ಅಂತ ಇದನ್ನು ಎತ್ತುವುದೂ ಬೇಡ. 0.177 ಇಂಚು ನಳಿಗೆಯ, 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ ಅನ್ನುವುದು ನಿಜ. ಆದರೆ ಕಾಡುಪ್ರಾಣಿಗೆ ಹೊಡೆದರೆ 1972ರ ವನ್ಯಜೀವಿ ಕಾಯ್ದೆ ಅದನ್ನು ಕೇಳುವುದಿಲ್ಲ.

ಮೂವತ್ತು, ನಲವತ್ತು ಗುಂಡು ಹೊಡೆದ ಮೇಲೆ ನೇಲ್ ಪಾಲಿಶ್ ಗೆರೆಗಳನ್ನು ಇನ್ನೊಮ್ಮೆ ನೋಡಿ. ಗೆರೆ ಸರಿ ಇದ್ದು ಗುಂಪು ಮಾತ್ರ ಅಲೆದಾಡುತ್ತಿದ್ದರೆ ಮೊದಲು ನಳಿಗೆ ಸ್ವಚ್ಛ ಮಾಡಿ, ಪೆಲೆಟ್ (ಏರ್ ರೈಫಲ್ ಗುಂಡು) ಬದಲಿಸಿ ನೋಡಿ. ಸ್ಕ್ರೂ ಮುಟ್ಟುವುದು ಆಮೇಲೆ.